ಮೂರು ದಾರಿ ಕೂಡುವಲ್ಲಿ ಮೀನಿನ ಉಪ್ಪು ಇಟ್ಟವಳು ನಾನೇ ಎಂಬ ಬಗ್ಗೆ

ಹೆಸರು: ಶಿವಕ್ಕ, ಗಂಡನ ಹೆಸರು ಹಾಲಪ್ಪ (ತೀರಿಕೊಂಡಿದ್ದಾರೆ). ವಯಸ್ಸು: ಪಾಸ್‌ಪೋರ್ಟಿನಲ್ಲಿ ಐವತ್ತೈದು ಇದೆ, ನಮ್ಮ ಅವ್ವನ ಲೆಕ್ಕದಲ್ಲಿ ಐವತ್ತೇಳು. ಯಾವುದು ಸರಿಯೋ ಅದನ್ನು ಹಿಡಿಯಬೇಕು, ನಾನು ಸುಳ್ಳು ಹೇಳಿದೆ ಎಂದಾಗಬಾರದು. ಉದ್ಯೋಗ: ಊರಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ಈಗ ಮನೆಗೆಲಸ. ಸ್ವಂತ ಊರು: ಬ್ಯಾಡಗಿ, ಹಾವೇರಿ ಜಿಲ್ಲೆ. ಈಗಿನ ವಾಸ: ನನ್ನ ತಂಗಿಯ ಮಗಳು ಹರಿಣಿ ಮತ್ತು ಅವಳ ಗಂಡ ರಾಕೇಶ್ ಇವರ ಮನೆ, ಸ್ಕ್ರಿಪ್ಸ್ ರ್ಯಾಂಚ್, ಸ್ಯಾನ್ ಡಿಯಾಗೊ.

ಮೇಲಿನ ನಾನು ಈ ದಿನ ಮಧ್ಯಾಹ್ನ 2-10ಕ್ಕೆ ಠಾಣೆಯಲ್ಲಿ ಕುಳಿತು, ನನ್ನ ಕೈಯಿಂದಲೇ ಬರೆದು ತಿಳಿಯಪಡಿಸುವುದು ಏನೆಂದರೆ, ಇಂದು ಬೆಳಿಗ್ಗೆ ನಮ್ಮ ಬೀದಿಯ ಕೊನೆಯಲ್ಲಿ ಸಿಕ್ಕ ಬಿಳಿ ಪುಡಿಯ ಲಕೋಟೆಯನ್ನು ಅಲ್ಲಿ ಇಟ್ಟವಳು ನಾನು. ಅಕ್ಬರ್ ಪಾಷಾ ಅವರೂ ಅವರ ಹೆಂಡತಿ ರೆಹಾನಾ ಅವರೂ ಇಟ್ಟಿಲ್ಲ. ಅವರಿಗೆ ಗೊತ್ತೇ ಇಲ್ಲ. ಪುಡಿ ಎಂದರೆ ಉಪ್ಪು. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಐದನೆಯದಕ್ಕೆ ದೀಪಾವಳಿಯವರೆಗೆ ಹೋಗಿ ಬಿಟ್ಟೆ. ಇಂಗ್ಲಿಷ್ ಬಾರದು, ಅಂಕಿ ಮಾತ್ರ ಗೊತ್ತು. ಲಾಸ್ ಏಂಜಲೀಸಿನಿಂದ ಫೋನಿನಲ್ಲಿ ಮಾತಾಡಿದ ಕನ್ನಡದ ಹೆಣ್ಣುಮಗಳು, ಅಮ್ಮಾ ನಿಮಗೆ ಬರುವ ಹಾಗೆ ಬರೀರಿ, ಮೊದಲಿನಿಂದ ಬರೀರಿ, ನಾನು ಇಂಗ್ಲಿಷಿಗೆ ಮಾಡಿ ಓದುತ್ತೇನೆ ಎಂದು ಧೈರ್ಯ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಹರಿಣಿಗೆ ಈಗ ಏಳು ತಿಂಗಳು. ಅವಳ ಬಾಣಂತನಕ್ಕೆಂದು ನಾನು ಆಗಸ್ಟ್ 12ಕ್ಕೆ ಬಂದೆ. ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಆ ಕಟ್ಟಡಗಳು ಬಿದ್ದ ಮೇಲೆ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಹರಿಣಿ, ರಾಕೇಶ್ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕಿಟಕಿ ಬಾಗಿಲು ಹಾಕಿ, ಮತ್ತೊಮ್ಮೆ ಹಾಕಿದೆಯೋ ಎಂದು ನೋಡಿ, ಟಿವಿ ಮುಂದೆ ಕೂರುತ್ತಿದ್ದೆ. ಮಾತು ತಿಳಿಯುತ್ತಿರಲಿಲ್ಲ, ಚಿತ್ರ ತಿಳಿಯುತ್ತಿತ್ತು. ಆಕಾಶದಲ್ಲಿ ವಿಮಾನದ ಸದ್ದಾದರೆ ಊಟದ ತಾಟು ಬಿಟ್ಟು ಏಳುತ್ತಿದ್ದೆ.

ಅಕ್ಬರ್ ಪಾಷಾ ಅವರು ನಮ್ಮ ಎದುರು ಸಾಲಿನ ಮೂರನೆಯ ಮನೆಯವರು, ಮೈಸೂರಿನವರು, ಟೆಲಿಫೋನ್ ಕಂಪನಿಯಲ್ಲಿ ಇಂಜಿನಿಯರು. ಅವರ ಮನೆಯಲ್ಲಿ ಐದು ವರ್ಷದಿಂದ ಸಮುದ್ರದ ಮೀನಿನ ತೊಟ್ಟಿ ಇದೆ. ಸೆಪ್ಟೆಂಬರ್ 16ರ ಭಾನುವಾರ ಅವರು ನಮ್ಮ ಮನೆಗೆ ಬಂದಾಗ ನಾನು ಟಿವಿ ನೋಡುತ್ತ ಸೆರಗು ಬಾಯಿಗೆ ಹಿಡಿದಿದ್ದೆ. ಅವರು ರಾಕೇಶ್‌ಗೆ, ಏನಪ್ಪಾ, ಇವರನ್ನ ಇಡೀ ದಿನ ಇದರ ಮುಂದೆ ಕೂರಿಸ್ತೀಯಾ, ನಮ್ಮ ಹಳೇ ತೊಟ್ಟಿ ಗರಾಜಿನಲ್ಲಿದೆ, ತಗೊಂಡ್ಬಂದು ಇಡೋಣ, ಅದನ್ನಾದರೂ ನೋಡ್ಲಿ ಎಂದರು. ಮೀನಿನ ತೊಟ್ಟಿ ಎಂದ ಕೂಡಲೇ ನಾನು ಹಿಂದೆ ಸರಿದೆ, ನಾವು ತಿನ್ನುವವರಲ್ಲ. ಅವರು ನಕ್ಕು, ತಿನ್ನೋದಕ್ಕಲ್ಲ ಶಿವಕ್ಕ, ನೋಡೋದಕ್ಕೆ ಎಂದರು. ಆ ವಾರ ಅವರ ಕಾರಿನ ಹಿಂದಿನ ಗಾಜಿಗೆ ಈ ದೇಶದ ಬಾವುಟ ಅಂಟಿಸಿದ್ದರು. ಅದಕ್ಕೆ ಮುಂಚೆ ಇರಲಿಲ್ಲ.

ಸೆಪ್ಟೆಂಬರ್ 22, ಶನಿವಾರ ಬೆಳಿಗ್ಗೆ 10ಕ್ಕೆ ರಾಕೇಶ್ ಮತ್ತು ಪಾಷಾ ಅವರು ತೊಟ್ಟಿ ತಂದರು. ಮೂರು ಅಡಿ ಉದ್ದ, ಮೂವತ್ತು ಗ್ಯಾಲನ್ನಿನದು. ಬಿಸಿಲು ಬೀಳದ ಗೋಡೆಗೆ ಇಟ್ಟು ರಸಮಟ್ಟ ಹಿಡಿದು ನೋಡಿದರು. ವೈರು ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಿ ಪ್ಲಗ್ಗಿಗೆ ಹೋಗುವಂತೆ ಕಟ್ಟಿದರು. ನೀರು ಹನಿ ಜಾರಿದರೆ ನೆಲಕ್ಕೆ ಬೀಳಲಿ, ಪ್ಲಗ್ಗಿಗೆ ಹೋಗದಿರಲಿ ಎಂದು. ಇದು ನನಗೆ ಬಹಳ ಹಿಡಿಸಿತು. ನಾನು ಹೆದರುವುದಕ್ಕೆ ಮುಂಚೆಯೇ ಅದರ ಬಗ್ಗೆ ಹೆದರಿದ ಮನುಷ್ಯನನ್ನು ಅಂದೇ ನೋಡಿದ್ದು. ಅಂಗಡಿಯಿಂದ ಸೋಸಿದ ನೀರು ಐದು ಗ್ಯಾಲನ್ನಿನ ಆರು ಕ್ಯಾನು ತಂದರು. ಸಮುದ್ರದ ಉಪ್ಪು ಎಂದು ಬಕೆಟ್ಟಿನಲ್ಲಿ ಬರುವ ಬಿಳಿ ಪುಡಿಯನ್ನು ಗ್ಯಾಲನ್ನಿಗೆ ಅರ್ಧ ಕಪ್ಪಿನಂತೆ ದೊಡ್ಡ ಡ್ರಮ್ಮುಗಳಲ್ಲಿ ಕಲಸಿ, ಪಂಪು ಬಿಟ್ಟು ಒಂದು ದಿನ ತಿರುಗಿಸಿದರು. ಹದಿನೈದು ಕಪ್ಪು ಹಿಡಿಯಿತು, ಎಣಿಸಿದವಳು ನಾನು. ಇಷ್ಟು ಉಪ್ಪಿನಲ್ಲಿ ಜೀವ ಉಳೀತದೇನ್ರಿ ಎಂದು ಕೇಳಿದೆ. ಅವರು, ಕಡಿಮೆಯಾದ್ರೇನೇ ಉಳಿಯಲ್ಲ ಎಂದರು.

ಮರುದಿನ ತೊಟ್ಟಿಯ ತಳಕ್ಕೆ ಎರಡು ಅಂಗುಲ ಬಿಳಿ ಮರಳು ಹಾಸಿ, ಮೇಲೆ ಒಂದು ತಾಟು ಇಟ್ಟು, ಮರಳು ಏಳದಂತೆ ತಾಟಿನ ಮೇಲೆ ನೀರು ಸುರಿದರು. ಪಾಷಾ ಅವರು ತಮ್ಮ ಸ್ವಂತ ತೊಟ್ಟಿಯಿಂದ ನಾಲ್ಕು ಕಲ್ಲು ತೆಗೆದು ಒದ್ದೆ ಪೇಪರಿನಲ್ಲಿ ಸುತ್ತಿ ತಂದಿದ್ದರು. ಆ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆಯಂತೆ, ಮೀನಿನ ಹೊಲಸನ್ನು ಅವು ತಿಂದು ನೀರು ಶುದ್ಧ ಇಡುತ್ತವಂತೆ. ಬೇರೆಯವರು ಇದಕ್ಕೆ ಸಿಗಡಿ ಹಾಕಿ ಕೊಳೆಸುತ್ತಾರೆ, ನಿಮ್ಮ ಮನೆಯಲ್ಲಿ ಅದು ಬೇಡ, ಚಿಟಿಕೆ ಮೀನಿನ ಆಹಾರ ಹಾಕಿದರೂ ಆಗುತ್ತೆ ಎಂದು ಅವರೇ ಹೇಳಿದರು. ನಾವು ಕೇಳಿರಲಿಲ್ಲ.

ಮೀನು ಯಾವಾಗ ಎಂದದ್ದಕ್ಕೆ, ನಾಲ್ಕು ವಾರ ತಡೀಬೇಕು ಶಿವಕ್ಕ, ಈಗ ನಾವು ಸಾಕ್ತಿರೋದು ಮೀನನ್ನಲ್ಲ, ನೀರನ್ನ ಎಂದರು. ಒಂದು ಲಕೋಟೆಯ ಬೆನ್ನಿಗೆ ಕನ್ನಡದಲ್ಲಿ ಮಾಡಬೇಕಾದ್ದನ್ನು ಬರೆದುಕೊಟ್ಟರು. ಅವರು ಕನ್ನಡ ಶಾಲೆಯಲ್ಲಿ ಓದಿದವರು, ಅಕ್ಷರ ದುಂಡಗಿದೆ. ಲಕೋಟೆಯ ಮುಂದಿನ ಬದಿಗೆ ಇಂಗ್ಲಿಷಿನಲ್ಲಿ ಏನಿತ್ತೋ ನಾನು ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ.

ಆ ನಾಲ್ಕು ವಾರ ದಿನಾ ಬೆಳಿಗ್ಗೆ 8ಕ್ಕೆ ನಾನು ತೊಟ್ಟಿ ನೋಡಿದ್ದೇನೆ. ಶಾಖ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ 78 ಇರಬೇಕು. ಉಪ್ಪು ಅಳೆಯುವ ಡಬ್ಬಿಯ ಮುಳ್ಳು ಹಸಿರು ಗೆರೆಯೊಳಗೆ ಇರಬೇಕು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ ಹಸಿರು ಬಂದರೆ ವಿಷ ಇದೆ, ಹಳದಿ ಬಂದರೆ ಇಲ್ಲ. ಅಕ್ಟೋಬರ್ 2ಕ್ಕೆ ಕಡು ಹಸಿರು ಬಂತು, ನಾನು ಊಟ ಬಿಟ್ಟೆ. ಪಾಷಾ ಅವರು ಫೋನಿನಲ್ಲಿ, ಬರಬೇಕು ಶಿವಕ್ಕ, ಬಂದು ಹೋಗಬೇಕು ಎಂದರು. 6ಕ್ಕೆ ನೀರು ಅರ್ಧ ಅಂಗುಲ ಇಳಿದಿತ್ತು. ಲಕೋಟೆಯ ಬರಹ ನೋಡದೆ ನಾನು ಉಪ್ಪು ಕಲಸಿ ತುಂಬಿಸಿದೆ, ಮುಳ್ಳು ಹಸಿರು ಗೆರೆ ದಾಟಿತು. ಆಮೇಲೆ ಗೊತ್ತಾಯಿತು, ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಎಲ್ಲೂ ಹೋಗುವುದಿಲ್ಲ. ಅಂಥ ತಪ್ಪಿಗೂ ಅವರು ಬೈಯಲಿಲ್ಲ. ಎರಡು ಲೋಟ ನೀರು ತೆಗೆಸಿ, ಎರಡು ಲೋಟ ಸಿಹಿನೀರು ಹಾಕಿಸಿದರು, ಒಂದು ಗಂಟೆ ಬಿಟ್ಟು ಮತ್ತೆ ಅಷ್ಟೇ. ಒಮ್ಮೆಲೇ ಮಾಡಬಾರದು. 15ರಿಂದ ಹಳದಿಯೇ ಬರುತ್ತಿತ್ತು. ಅಷ್ಟರಲ್ಲಿ ನಾನು ಟಿವಿ ಹಚ್ಚುವುದು ಬಿಟ್ಟಿದ್ದೆ. ಆದ್ದರಿಂದ ಅಂಚೆ ಕಾಗದದಲ್ಲಿ ವಿಷದ ಪುಡಿ ಕಳಿಸುತ್ತಿದ್ದಾರೆ, ಊರೂರಲ್ಲಿ ಜನ ಹೆದರಿದ್ದಾರೆ ಎಂಬ ಸುದ್ದಿ ನನಗೆ ಗೊತ್ತಿರಲಿಲ್ಲ. ಇದನ್ನು ದಯವಿಟ್ಟು ನಂಬಬೇಕು.

ಅಕ್ಟೋಬರ್ 20, ಶನಿವಾರ ಸಂಜೆ 4ಕ್ಕೆ ಎರಡು ಮೀನು ತಂದರು. ಕಿತ್ತಳೆ ಬಣ್ಣ, ಮೂರು ಬಿಳಿ ಪಟ್ಟಿ. ಹೊಸಬರಿಗೆ ಇವೇ ಸರಿ, ಗಟ್ಟಿ ಜೀವ ಎಂದು ಪಾಷಾ ಅವರು ಆರಿಸಿದ್ದು. ಚೀಲವನ್ನು ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಆಮೇಲೆ ಒಂದು ಗಂಟೆ ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಚೀಲಕ್ಕೆ ಬಿಟ್ಟು, ಅಂಗಡಿಯ ನೀರು ಬೀಳದಂತೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಟ್ಟರು. ದೊಡ್ಡದು ತಕ್ಷಣ ಓಡಾಡಿತು. ಸಣ್ಣದು ಕಲ್ಲಿನ ಹತ್ತಿರ ನಿಂತಿತು.

21, ಭಾನುವಾರ ಮಧ್ಯಾಹ್ನ ಪೋರ್ಟರ್ ರ್ಯಾಂಚಿನಿಂದ ರಾಕೇಶ್ ಸ್ನೇಹಿತ ವೆಂಕಟಾಚಲ ಮತ್ತು ಅವರ ಹೆಂಡತಿ ಕಲಾವತಿ ಊಟಕ್ಕೆ ಬಂದರು. ಕಲಾವತಿ ತೊಟ್ಟಿಯ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಅಯ್ಯೋ ಎಷ್ಟು ಮುದ್ದಾಗಿದಾವೆ, ನಮ್ಮವರು ಮೂರು ಸಲ ಮೀನು ತಂದ್ರು ಶಿವಕ್ಕ, ಮೂರು ಸಲಾನೂ ಸತ್ತೋದ್ವು, ನಿಮ್ದು ನೋಡಿ ಹೇಗಿದಾವೆ ಎಂದು ಮೂರು ನಾಲ್ಕು ಬಾರಿ ಹೇಳಿದರು. ಒಳ್ಳೆಯ ಹೆಣ್ಣುಮಗಳು, ಅವರ ಮೇಲೆ ದೂರಿಲ್ಲ. ಆದರೆ ಅವರು ಹೋದ ಮೇಲೆ ಸಣ್ಣ ಮೀನು ಮೂಲೆಗೆ ಸೇರಿ ತಳದಲ್ಲಿ ಒರಗಿತು. ಸೋಮವಾರ ಮೂರು ಸಲ ಆಹಾರ ಹಾಕಿದರೂ ಬಾಯಿ ತೆರೆಯಲಿಲ್ಲ. ಸಂಜೆ 6ಕ್ಕೆ ಪಾಷಾ ಅವರಿಗೆ ಫೋನು ಮಾಡಿದೆ. ಅವರು, ಹೊಸ ಮನೆ ಅಲ್ವಾ, ಎರಡು ಮೂರು ದಿನ ಹಾಗೇ ಇರುತ್ತೆ, ನೀವೂ ಬಂದ ಹೊಸದರಲ್ಲಿ ರೂಮಿಂದ ಆಚೆ ಬಂದ್ರಾ ಎಂದು ಕೇಳಿದರು. ಅವರ ಮಾತು ನಂಬಿ ಸುಮ್ಮನಿದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಾನು ನಂಬಲಿಲ್ಲ. ದೃಷ್ಟಿಯಾಗಿದೆ ಎಂದುಕೊಂಡೆ.

ಅಧಿಕಾರಿಯವರು ದೃಷ್ಟಿ ಎಂದರೇನು ಎಂದು ಕೇಳಿದ್ದರಿಂದ ಬರೆಯುತ್ತೇನೆ. ಚೆನ್ನಾಗಿರುವುದನ್ನು ಯಾರಾದರೂ ಬಹಳ ಮೆಚ್ಚಿ ನೋಡಿದರೆ ಅದಕ್ಕೆ ಬಾಧೆಯಾಗುತ್ತದೆ. ಆಗ ಹರಳುಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿಸಿ ಉರಿಯುವ ಒಲೆಗೆ ಹಾಕುತ್ತಾರೆ. ಇಲ್ಲಿ ಒಲೆ ಇಲ್ಲ. ಸೆಪ್ಟೆಂಬರಿನಲ್ಲಿ ಹರಿಣಿಗೆ ಇಳಿಸಿ ಬಾಣಲೆಯಲ್ಲಿ ಮೆಣಸಿನಕಾಯಿ ಸುಟ್ಟಾಗ ಹೊಗೆಗೆ ಕೂಗುವ ಮನೆಯ ಗಂಟೆ ಕಿರುಚಿ ರಾಕೇಶ್ ಬಹಳ ಬೇಸರ ಮಾಡಿಕೊಂಡಿದ್ದರು. ಒಲೆ ಇಲ್ಲದಿದ್ದರೆ ಮೂರು ದಾರಿ ಕೂಡುವಲ್ಲಿ ಇಟ್ಟು ಬರಬೇಕು. ಇಟ್ಟ ಮೇಲೆ ತಿರುಗಿ ನೋಡಬಾರದು, ಮನೆ ಮುಟ್ಟುವವರೆಗೆ ಯಾರೊಂದಿಗೂ ಮಾತಾಡಬಾರದು. ಇದರಲ್ಲಿ ಯಾರಿಗೂ ಕೆಡುಕು ಬಯಸುವುದಿಲ್ಲ.

ಇಂದು ಅಕ್ಟೋಬರ್ 23, ಮಂಗಳವಾರ. ಬೆಳಿಗ್ಗೆ 6-55ಕ್ಕೆ ಸಣ್ಣ ಮೀನು ಹಾಗೆಯೇ ಇತ್ತು. ಹರಿಣಿಯ ಅಡಿಗೆಯ ಉಪ್ಪು ಹಿಟ್ಟಿನಂತಿದೆ, ಅದು ಆಗುವುದಿಲ್ಲ, ಇದು ತರಿತರಿಯಾಗಿದೆ ಎಂದು ಮೀನಿನ ಉಪ್ಪಿನ ಬಕೆಟ್ಟಿನಿಂದಲೇ ಒಂದು ಮುಷ್ಟಿ ತೆಗೆದೆ. ನೀರಿನ ಜೀವಕ್ಕೆ ಖಾರ ಬೇಡವೆಂದು ಮೆಣಸಿನಕಾಯಿ ಹಾಕಲಿಲ್ಲ. ಹಾಕಿದ್ದರೆ ನೀವು ಬೇರೆ ತಿಳಿಯುತ್ತಿದ್ದಿರೋ ಏನೋ. ತೊಟ್ಟಿಗೆ ಮೂರು ಸಲ ಇಳಿಸಿ, ಪಕ್ಕದಲ್ಲಿದ್ದ ಪಾಷಾ ಅವರ ಲಕೋಟೆಯಲ್ಲಿ ಉಪ್ಪು ಸುರಿದು ಬಾಯಿ ಮಡಚಿದೆ. ಅದರಲ್ಲಿ ಬರೆದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಚಳಿಯೆಂದು ಸೆರಗನ್ನು ತಲೆ ಕಿವಿ ಮುಚ್ಚುವಂತೆ ಹೊದ್ದು 7-05ಕ್ಕೆ ಹೊರಬಿದ್ದೆ. ರಾಕೇಶ್ ಸ್ನಾನಕ್ಕೆ ಹೋಗಿದ್ದರು, ಹರಿಣಿ ಮಲಗಿದ್ದಳು. ಒಬ್ಬಳೇ ಹೊರಗೆ ಹೋದದ್ದು ಬಂದ ಮೇಲೆ ಇದೇ ಮೊದಲು. ನೂರ ನಲವತ್ತು ಹೆಜ್ಜೆ. ದಾರಿ ಕೂಡುವಲ್ಲಿ ಹುಲ್ಲಿನ ಅಂಚಿಗೆ ಲಕೋಟೆ ಇಟ್ಟು, ಹಾರದಿರಲೆಂದು ಒಂದು ಕಲ್ಲು ಹೇರಿ ತಿರುಗಿದೆ. ನಾಯಿ ಕರೆದುಕೊಂಡು ಬಂದ ಒಬ್ಬ ಹೆಂಗಸು ನಗುತ್ತ ಏನೋ ಕೇಳಿದರು. ಮಾತಾಡಬಾರದಲ್ಲ, ನಾನು ತಲೆ ತಗ್ಗಿಸಿ ಬೇಗ ಬೇಗ ನಡೆದೆ. ಹಿಂದಿನಿಂದ ಎರಡು ಸಲ ಕೂಗಿದರು. ತಿರುಗಲಿಲ್ಲ.

7-50ಕ್ಕೆ ಎರಡು ಪೊಲೀಸ್ ಕಾರು, 8-10ಕ್ಕೆ ಬೆಂಕಿ ಆರಿಸುವ ಗಾಡಿ ಬಂದವು. ಬೀದಿಗೆ ಹಳದಿ ಪಟ್ಟಿ ಕಟ್ಟಿದರು. 8-40ಕ್ಕೆ ಮುಖ ಕಾಣದ ಬಿಳಿ ಉಡುಪಿನ ಇಬ್ಬರು ಉದ್ದದ ಚಿಮಟ ಹಿಡಿದು ನನ್ನ ಕಲ್ಲನ್ನು ಸರಿಸುವುದನ್ನು ಮಾಳಿಗೆಯ ಕಿಟಕಿಯಿಂದ ನೋಡಿದೆ. ಆಗಲೂ ಬೇರೆ ಏನೋ ಇರಬೇಕು ಎಂದುಕೊಂಡೆ. 9-15ಕ್ಕೆ ನಾಲ್ವರು ಪಾಷಾ ಅವರ ಮನೆಗೆ ಹೋದರು. 9-30ಕ್ಕೆ ರೆಹಾನಾ ಅವರನ್ನು ಕರೆತಂದರು. ಎಂದಿನಂತೆ ತಲೆಗೆ ಬಟ್ಟೆ ಕಟ್ಟಿದ್ದರು, ಕಾಲಲ್ಲಿ ಮನೆಯೊಳಗಿನ ರಬ್ಬರ್ ಚಪ್ಪಲಿ. ನಾಯಿಯ ಹೆಂಗಸು ಅವರ ಕಡೆ ಬೆರಳು ಮಾಡಿ, ಆಮೇಲೆ ತನ್ನ ತಲೆಯ ಸುತ್ತ ಕೈ ಆಡಿಸಿ ತೋರಿಸಿದರು. ಆಗ ನನಗೆ ತಿಳಿಯಿತು. ಆ ಹೆಂಗಸು ನೋಡಿದ್ದು ನನ್ನ ಸೆರಗನ್ನು.

ಬೀದಿ ಕಟ್ಟಿದ್ದರಿಂದ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ ಹರಿಣಿಗೆ ಹೇಳಿದೆ. ಅವಳು, ದೊಡ್ಡವ್ವ ನೀ ಏನ್ ಮಾಡಿದಿ ಎಂದು ಹಾಸಿಗೆಯ ಮೇಲೆ ಕುಳಿತುಬಿಟ್ಟಳು. 7-30ಕ್ಕೇ ಕೆಲಸಕ್ಕೆ ಹೋಗಿದ್ದ ರಾಕೇಶ್‌ಗೆ ಫೋನು ಮಾಡಿದಳು. ಅವರು 10-25ಕ್ಕೆ ಬಂದು, ದೊಡ್ಡಮ್ಮ ನೀವು ಆಚೆ ಹೋಗ್ಬೇಡಿ, ಟೆಸ್ಟ್ ಮಾಡಿದ್ರೆ ಉಪ್ಪು ಅಂತ ಗೊತ್ತಾಗುತ್ತೆ, ನಾಳೆಯೊಳಗೆ ಎಲ್ಲ ಸರಿಹೋಗುತ್ತೆ ಎಂದರು. ಅವರು ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ದಾರೆ, ಮನೆಯಲ್ಲಿ ತುಂಬು ಬಸುರಿ ಇದ್ದಾಳೆ, ಹೆದರಿಕೆಯಿಂದ ಹೇಳಿದ್ದು. ಇದನ್ನು ಬರೆಯಬಾರದಿತ್ತೇನೋ. ನಾನು, ನಾಳೆ ತನಕ ಆ ಹೆಣ್ಣುಮಗಳು ಎಲ್ಲಿರ್ತಾಳಪ್ಪಾ ಎಂದು ಕೇಳಿದೆ. ಅವರು, ಪಾಷಾ ಅವರನ್ನೂ ಆಫೀಸಿನಿಂದ ಕರೆದೊಯ್ದಿದ್ದಾರಂತೆ ಎಂದು ಮಾತ್ರ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು.

10-40ಕ್ಕೆ ನಾನು ಸ್ಟೀಲಿನ ಬಟ್ಟಲಲ್ಲಿ ಅದೇ ಬಕೆಟ್ಟಿನ ಉಪ್ಪು ತುಂಬಿಕೊಂಡು, ಸೆರಗನ್ನು ಬೆಳಿಗ್ಗೆಯಂತೆಯೇ ತಲೆಗೆ ಹೊದ್ದು ಹೊರಟೆ. ಹಳದಿ ಪಟ್ಟಿಗೆ ಹದಿನೈದು ಹೆಜ್ಜೆ ಇರುವಾಗ ಅಧಿಕಾರಿಗಳು ಕೂಗಿ ಕೈ ಅಡ್ಡ ಮಾಡಿದರು. ಒಬ್ಬರ ಕೈ ಸೊಂಟಕ್ಕೆ ಹೋಯಿತು. ಇಂಗ್ಲಿಷಿನ ಸಾಲ್ಟ್ ಎಂಬ ಒಂದು ಮಾತು ಗೊತ್ತಿತ್ತು, ಆಗ ಅದೂ ನೆನಪಾಗಲಿಲ್ಲ. ಚಿಟಿಕೆ ಉಪ್ಪು ತೆಗೆದು ಎಲ್ಲರ ಎದುರಿಗೆ ನಾಲಿಗೆಗೆ ಹಾಕಿ ನುಂಗಿದೆ. ಮತ್ತೊಂದು ಚಿಟಿಕೆ ಹಾಕಿಕೊಂಡೆ. ಆಮೇಲೆ ನನ್ನ ಎದೆ ಮುಟ್ಟಿ, ದಾರಿ ಕೂಡುವ ಕಡೆ ಕೈ ತೋರಿಸಿದೆ. ಆಗ ಹಿಂದಿನಿಂದ ರಾಕೇಶ್ ಎರಡೂ ಕೈ ಮೇಲೆತ್ತಿಕೊಂಡು ಓಡಿಬಂದರು. ಇವರು ನಮ್ಮ ಮನೆಯವರು, ನಮ್ಮ ಮನೆಯ ಉಪ್ಪು ಅದು ಎಂದು ಇಂಗ್ಲಿಷಿನಲ್ಲಿ ಕೂಗಿದರಂತೆ. ನಾನು ಮೊದಲು ಹೋಗದಿದ್ದರೂ ಅವರು ಬರುತ್ತಿದ್ದರು ಎಂದು ನಂಬುತ್ತೇನೆ. ನಮ್ಮಿಬ್ಬರನ್ನೂ ನೀರು ಸುರಿದು ತೊಳೆಸಿ ಬಿಳಿ ಕಾಗದದ ಬಟ್ಟೆ ಉಡಿಸಿದರು. ಅದರಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಧಿಕಾರಿಗಳು ಒರಟು ಮಾಡಿಲ್ಲ, ಕುಡಿಯಲು ನೀರು ಕೊಟ್ಟಿದ್ದಾರೆ.

ಲಕೋಟೆಯ ಚಿತ್ರ ತೋರಿಸಿ, ಮುಂದಿನ ಬದಿಗೆ ಪಾಷಾ ಅವರ ಹೆಸರು ವಿಳಾಸ ಇದೆ ಎಂದು ಹೇಳಿ, ಬೆನ್ನಿಗೆ ಬರೆದದ್ದು ಯಾವ ಭಾಷೆ, ಏನು ಸಂದೇಶ ಎಂದು ಕೇಳಿದ್ದಾರೆ. ಭಾಷೆ ಕನ್ನಡ. ಇದ್ದದ್ದು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ. ಒಂದು ಗ್ಯಾಲನ್ ನೀರಿಗೆ ಅರ್ಧ ಕಪ್ ಉಪ್ಪು. ಒಂದು ದಿನ ಕಲಸಬೇಕು. ನೀರು ಇಳಿದರೆ ಸಿಹಿನೀರು ಮಾತ್ರ. ದಿನಕ್ಕೆ ಒಂದೇ ಚಿಟಿಕೆ ಆಹಾರ. ಏನೇ ಆದರೂ ಗಾಬರಿಯಾಗಬೇಡಿ ಶಿವಕ್ಕ, ಫೋನು ಮಾಡಿ. ಇಷ್ಟೇ ಇದ್ದದ್ದು. ಕಡೆಯ ಮಾತಿನಲ್ಲಿ ನನ್ನ ಹೆಸರೇ ಇದೆ.

3-50ಕ್ಕೆ ಲಾಸ್ ಏಂಜಲೀಸಿನ ಹೆಣ್ಣುಮಗಳು ಇಲ್ಲಿಯವರೆಗೆ ಬರೆದದ್ದನ್ನು ನನ್ನ ಬಾಯಿಂದ ಓದಿಸಿ ಕೇಳಿ ಅಧಿಕಾರಿಗಳಿಗೆ ಹೇಳಿದರು. 4-20ಕ್ಕೆ ಅಧಿಕಾರಿಯವರು, ಮೊದಲ ಪರೀಕ್ಷೆಯಲ್ಲಿ ವಿಷ ಕಂಡಿಲ್ಲ, ಪಾಷಾ ದಂಪತಿ ಮನೆಗೆ ಹೋಗಬಹುದು ಎಂದು ತಿಳಿಸಿದರು. ರೆಹಾನಾ ಅವರು ನಾನಿದ್ದ ಕೋಣೆಯ ಬಾಗಿಲಿಗೆ ಬಂದು, ನಮ್ಮಮ್ಮನೂ ನಜರ್ ತೆಗೀತಾರೆ ಶಿವಕ್ಕ, ಆದ್ರೆ ಒಲೆಗೆ ಹಾಕ್ತಾರೆ, ರೋಡಿಗಲ್ಲ ಕಣ್ರೀ ಎಂದರು. ನಗಲು ಹೋದರು, ಆಗಲಿಲ್ಲ. ಪಾಷಾ ಅವರು ಒಳಗೆ ಬರಲಿಲ್ಲ. ನಾನು ಎದ್ದು ಕೈ ಮುಗಿದೆ. ಅವರು ನನ್ನ ಕಡೆ ನೋಡದೆ, ನಾಳೆ ಆಫೀಸಿಗೆ ಹೋಗ್ಬೇಕು ಎಂದರು. ಅಷ್ಟೇ. ಬೆಳಿಗ್ಗೆ ಅವರನ್ನು ಮೇಜಿನಿಂದ ಎಬ್ಬಿಸಿ ಕರೆದುಕೊಂಡು ಹೋಗುವಾಗ ಸುತ್ತ ನಲವತ್ತು ಜನ ನಿಂತು ನೋಡಿದರು ಎಂದು ರೆಹಾನಾ ಅವರಿಂದ ತಿಳಿಯಿತು.

ಆದ್ದರಿಂದ ಕೇಳಿಕೊಳ್ಳುವುದು ಒಂದೇ. ಈ ಹೇಳಿಕೆಯನ್ನು ಇಂಗ್ಲಿಷಿಗೆ ಮಾಡಿದ ಮೇಲೆ, ಠಾಣೆಯ ಮೊಹರು ಹಾಕಿ ಒಂದು ಪ್ರತಿಯನ್ನು ಇವತ್ತೇ ಅಕ್ಬರ್ ಪಾಷಾ ಅವರ ಕೈಗೆ ಕೊಡಬೇಕು. ನಾಳೆ ಅವರು ಬರಿಗೈಯಲ್ಲಿ ಹೋಗಬಾರದು. ಕಾಗದ ಸಾಲದು ಎಂದರೆ ನನ್ನನ್ನು ಅವರ ಆಫೀಸಿಗೆ ಕರೆದುಕೊಂಡು ಹೋಗಿ ನಿಲ್ಲಿಸಲಿ. ಮಾತು ಬಾರದಿದ್ದರೂ ಆ ನಲವತ್ತು ಜನರ ಎದುರು ನಿಂತುಕೊಳ್ಳುತ್ತೇನೆ, ಇಟ್ಟವಳು ಇವಳು ಎಂದು ಯಾರಾದರೂ ನನ್ನ ಕಡೆ ಬೆರಳು ಮಾಡಿದರೆ ಸಾಕು.

ಮೇಲೆ ಬರೆದದ್ದೆಲ್ಲ ನಾನು ಕಂಡದ್ದು, ಮಾಡಿದ್ದು, ಕೇಳಿದ್ದು. ಯಾರೂ ಹೇಳಿಕೊಟ್ಟು ಬರೆಸಿಲ್ಲ, ಸುಳ್ಳು ಸೇರಿಸಿಲ್ಲ. ನಾಲ್ಕು ಕಡೆ ಹೊಡೆದುಹಾಕಿದ್ದೇನೆ, ಅದೂ ನನ್ನ ಕೈಯಿಂದಲೇ ಆದದ್ದು, ಅಕ್ಷರ ತಪ್ಪಿದ್ದಕ್ಕೆ.

ಸ್ಥಳ: ಸ್ಯಾನ್ ಡಿಯಾಗೊ
ತಾರೀಖು: 23-10-2001, ಸಂಜೆ 4-55
ಸಹಿ: ಶಿವಕ್ಕ ಕೋಂ ಹಾಲಪ್ಪ